ಎಲ್ಡನ್ ಕುಚೆರಾನ ಮೂರು ಟೋಪಿಗಳು

ನಮ್ಮ ಮಿಲರ್ಟನ್‌ನಲ್ಲಿ ಸುಳ್ಳು ಹೇಳುವವರು ಕಡಿಮೆ. ಹೇಳಿದ ಸುಳ್ಳನ್ನು ದಕ್ಕಿಸಿಕೊಳ್ಳುವವರು ಇನ್ನೂ ಕಡಿಮೆ. ಎಲ್ಡನ್ ಕುಚೆರಾ ದಕ್ಕಿಸಿಕೊಳ್ಳುವ ಜಾತಿಯವನಲ್ಲ ಎಂಬುದು ಅವನೊಬ್ಬನನ್ನು ಬಿಟ್ಟು ನೆಬ್ರಾಸ್ಕಾದ ಆ ಮೂಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಹುಲ್ಲು ಕತ್ತರಿಸುವ ಯಂತ್ರಗಳ ರಿಪೇರಿ ಅವನ ಕಸುಬು. ಯಂತ್ರದ ಸದ್ದು ಕೇಳಿಯೇ ಯಾವ ಅಲಗು ಮೊಂಡಾಗಿದೆ ಎಂದು ಹೇಳಬಲ್ಲ. ಗಾಲ್ಫ್ ಮಾತ್ರ ಅವನಿಗೆ ಗೊತ್ತಿಲ್ಲ, ಜನ್ಮದಲ್ಲಿ ಕೋಲು ಹಿಡಿದವನಲ್ಲ. ಆದರೆ ಅವನ ಒಬ್ಬಳೇ ಮಗಳು ಡೆಲೇನಿ, ನಮ್ಮೂರ ಮಿಲರ್ಟನ್ ಕಾಲೇಜಿನ ಹುಡುಗಿಯರ ಗಾಲ್ಫ್ ತಂಡದ ಐದನೆಯ ಆಟಗಾರ್ತಿ. ಆ ವರ್ಷ ತಂಡ ಕೊನೆಯ ಎಂಟರ ಘಟ್ಟ ತಲುಪಿ, ದೂರದ ಜಾರ್ಜಿಯಾದಲ್ಲಿ ಚಾಂಪಿಯನ್‌ಷಿಪ್ ಆಡಲು ಹೊರಟಿತ್ತು. ಡೆಲೇನಿಗೆ ಕಾಲೇಜಿನ ಕೊನೆಯ ವರ್ಷ. ಇದಾದ ಮೇಲೆ ಅವಳ ಆಟ ನೋಡಬೇಕೆಂದರೂ ಸಿಗುವುದಿಲ್ಲ.

ಬೆಳಿಗ್ಗೆ ಆರಕ್ಕೆ ಧಾನ್ಯದ ಸೊಸೈಟಿಯ ಕಾಫಿ ಮೇಜಿನ ಸುತ್ತ ಊರಿನ ಗಂಡಸರು ಸೇರಿದ್ದಾಗ, ಅಗ್ನಿಶಾಮಕ ಠಾಣೆಯ ಮುಖ್ಯಸ್ಥ ವರ್ಲಿನ್ ಕೇಳಿಯೇಬಿಟ್ಟ.

"ಏನಯ್ಯಾ ಎಲ್ಡನ್, ಜಾರ್ಜಿಯಾಕ್ಕೆ ಹೊರಟಿದೀಯಂತೆ? ನಾಲ್ಕು ವರ್ಷದಲ್ಲಿ ಮಗಳ ಆಟಕ್ಕೆ ಒಂದ್ಸಲನೂ ಹೋಗದವನು ಈಗ ಅಲ್ಲಿ ಏನ್ ಮಾಡ್ತೀಯ?"

ಇದಕ್ಕೆ ನಿಜವಾದ ಉತ್ತರ ಒಂದಿತ್ತು. ಡೆಲೇನಿ ಮೊದಲ ವರ್ಷದಲ್ಲಿದ್ದಾಗ ಎಲ್ಡನ್ ಊರಿಗೆ ಗೊತ್ತಾಗದ ಹಾಗೆ ಒಂದು ಪಂದ್ಯಕ್ಕೆ ಹೋಗಿದ್ದ. ಮಗಳು ಚೆಂಡನ್ನು ಕುಳಿಗೆ ಉರುಳಿಸಲು ಬಗ್ಗಿದಾಗಲೆಲ್ಲ ಇವನು ತಡೆಯಲಾರದೆ "ಹೂಫ್" ಎಂದು ಉಸಿರು ಬಿಡುತ್ತಿದ್ದ. ಎಮ್ಮೆ ಉಸಿರಿಟ್ಟ ಹಾಗೆ. ಮೂರು ಕುಳಿಗಳಷ್ಟು ಮುಂದಿದ್ದವಳು ಸೋತಳು. ಸೋತವಳು ಅತ್ತುಕೊಂಡು, "ಅಪ್ಪಾ, ಇನ್ನು ನಾನು ಆಡೋ ಕಡೆ ನೀನು ನನ್ನ ಕಣ್ಣಿಗೆ ಬೀಳ್ಬೇಡ," ಎಂದಳು. ಎಲ್ಡನ್ ಅಲ್ಲಿಂದಲೇ ಹೊರಟು ಬಂದ. ಅಂದಿನಿಂದ ಮಗಳ ಆಟವನ್ನೆಲ್ಲ ಅಂಗಡಿಯ ಹಿಂಬದಿಯಲ್ಲಿ ಕುಳಿತು ಫೋನಿನ ಅಂಕಿಗಳಲ್ಲೇ ನೋಡುತ್ತ ಬಂದಿದ್ದ.

ಆದರೆ ಹನ್ನೊಂದು ಜನ ಗಂಡಸರು ಕಾಫಿ ಲೋಟದ ಮೇಲಿನಿಂದ ನಿಮ್ಮನ್ನೇ ನೋಡುತ್ತಿರುವಾಗ "ಮಗಳು ಬರಬೇಡ ಅಂದಿದ್ದಾಳೆ" ಎನ್ನುವುದು ಸುಲಭವಲ್ಲ. ಎಲ್ಡನ್ ಗಂಟಲು ಸರಿಮಾಡಿಕೊಂಡ.

"ತಂಡಕ್ಕೆ ತಾಂತ್ರಿಕ ಸಲಹೆಗಾರ," ಎಂದ.

"ಯಾರು?"

"ನಾನೇ."

"ಗಾಲ್ಫ್ ಕೋಲನ್ನ ಯಾವ ತುದೀಲಿ ಹಿಡೀತಾರೆ ಅಂತ ಗೊತ್ತೇನಯ್ಯಾ ನಿಂಗೆ?"

"ಹುಲ್ಲಿನ ವಿಚಾರ," ಎಂದು ಎಲ್ಡನ್ ದನಿ ತಗ್ಗಿಸಿದ. "ಎಲ್ಲಾ ಬಿಡಿಸಿ ಹೇಳೋ ಹಾಗಿಲ್ಲ."

ದನಿ ತಗ್ಗಿಸಿದ್ದೇ ತಪ್ಪಾಯಿತು. ಜೋರಾಗಿ ಹೇಳಿದ್ದರೆ ಊರು ನಕ್ಕು ಮರೆಯುತ್ತಿತ್ತು. ತಗ್ಗಿಸಿ ಹೇಳಿದ್ದರಿಂದ ನಂಬಿತು. ಸಂಜೆಯೊಳಗೆ ವರ್ಲಿನ್ ಠಾಣೆಯ ಗೋಡೆಗೆ ದೊಡ್ಡ ಪರದೆ ಕಟ್ಟಿಸಿ, ಆಟದ ನೇರಪ್ರಸಾರಕ್ಕೆ ಊರನ್ನೆಲ್ಲ ಕರೆದ. ನಮ್ಮ ಎಲ್ಡನ್ ತಂಡದ ಪಕ್ಕದಲ್ಲಿ ನಿಂತು ಸಲಹೆ ಕೊಡುವುದನ್ನು ಎಲ್ಲರೂ ನೋಡಬೇಕು ಎಂದ.

ಎಲ್ಡನ್‌ನ ಹೆಂಡತಿ ಲವೋನ್‌ಗೆ ಮಾತ್ರ ನಿಜ ಗೊತ್ತಿತ್ತು. ಅವಳು ಶಾಲೆಯ ಬಸ್ ಓಡಿಸುವವಳು, ರಜೆ ಸಿಕ್ಕಿರಲಿಲ್ಲ. ಹೊರಡುವಾಗ ಅವನ ತಲೆಗೆ ಕಾಲೇಜಿನ ನೇರಳೆ ಟೋಪಿ ಇಟ್ಟು ಎಚ್ಚರಿಸಿದಳು.

"ದೂರದಿಂದ ನೋಡ್ಕೊಂಡು ಬಾ. ಅವಳ ಕಣ್ಣಿಗೇನಾದ್ರೂ ಬಿದ್ದು, ಅವಳೇನಾದ್ರೂ ಸೋತ್ರೆ, ನಿಂಗೆ ಈ ಮನೇಲಿ ಊಟ ಇಲ್ಲ. ಉಸಿರು ಬಿಡ್ಬೇಡ."

"ಮೂರು ದಿನ ಉಸಿರು ಬಿಡದೆ ಹೆಂಗಿರ್ಲಿ?"

"ಮೂಗಲ್ಲಿ ಬಿಡು!"

ಇಪ್ಪತ್ತು ಗಂಟೆ ಟ್ರಕ್ ಓಡಿಸಿ ಎಲ್ಡನ್ ಶುಕ್ರವಾರ ಬೆಳಿಗ್ಗೆ ಮೈದಾನ ಮುಟ್ಟಿದ. ದಾರಿಯುದ್ದಕ್ಕೂ ಅವನ ಬಲಗಾಲು ಆಕ್ಸಿಲರೇಟರಿನ ಮೇಲೆ ಒಂದು ಕಡೆ ನಿಂತಿರಲಿಲ್ಲ. ಇಳಿದ ಮೇಲೂ ನಿಲ್ಲಲಿಲ್ಲ.

ಈ ಪಂದ್ಯದ ರೀತಿಯೇ ಬೇರೆ. ಒಟ್ಟು ಎಷ್ಟು ಹೊಡೆತ ಎಂಬ ಲೆಕ್ಕವಿಲ್ಲ. ಒಬ್ಬಳ ಎದುರು ಒಬ್ಬಳು. ಒಂದೊಂದು ಕುಳಿಯೂ ಒಂದೊಂದು ಜಗಳ, ಕಡಿಮೆ ಹೊಡೆತದಲ್ಲಿ ಚೆಂಡು ಹಾಕಿದವಳಿಗೆ ಆ ಕುಳಿ. ಹೆಚ್ಚು ಕುಳಿ ಗೆದ್ದವಳು ಗೆದ್ದ ಹಾಗೆ. ಐದರಲ್ಲಿ ಮೂರು ಜೋಡಿ ಗೆದ್ದ ತಂಡ ಮುಂದಕ್ಕೆ, ಸೋತ ತಂಡ ಮನೆಗೆ. ಒಂದೊಂದು ಜೋಡಿಯ ಹಿಂದೆ ನಡೆಯುವವರು ಇಪ್ಪತ್ತೋ ಮೂವತ್ತೋ ಜನ, ಅಪ್ಪ ಅಮ್ಮ ಅಜ್ಜಿ ಅತ್ತೆ, ಎಲ್ಲರೂ ತಂತಮ್ಮ ಕಾಲೇಜಿನ ಬಣ್ಣದಲ್ಲಿ. ಡೆಲೇನಿಯ ಹಿಂದೆ ನೇರಳೆ ಬಣ್ಣದವರು ಬರೀ ಏಳು ಜನ. ಆ ಏಳರ ನಡುವೆ ಎಂಟನೆಯವನಾಗಿ ನಿಂತರೆ ಕುರುಡಿಗೂ ಕಾಣುತ್ತದೆ.

ಎಲ್ಡನ್ ನೇರಳೆ ಟೋಪಿಯನ್ನು ಜೇಬಿಗೆ ತುರುಕಿ ಬರಿತಲೆಯಲ್ಲಿ ಮರದ ಹಿಂದೆ ನಿಂತ. ಎರಡು ನಿಮಿಷದಲ್ಲಿ ಬಿಳಿ ಹ್ಯಾಟಿನ ನಿಯಮಾಧಿಕಾರಿ ಟ್ರೂಯಿಟ್ ಎಂಬುವನು ಪುಟ್ಟ ಗಾಡಿಯಲ್ಲಿ ಬಂದು ನಿಲ್ಲಿಸಿದ.

"ಸರ್, ತಾವು ಯಾರ ಕಡೆಯವರು?"

"ನಾನಾ? ಸುಮ್ನೆ... ನೋಡೋಕೆ."

"ಮರದ ಹಿಂದೆ ನಿಂತ್ಕೊಂಡು ಹುಡುಗಿಯರನ್ನ ಸುಮ್ನೆ ನೋಡೋಕಾ?"

ಎಲ್ಡನ್‌ನ ಕಿವಿ ಕೆಂಪಾಯಿತು. ನೇರವಾಗಿ ಬಾಗಿಲ ಬಳಿಯ ಟೋಪಿ ಮಾರುವ ಡೇರೆಗೆ ಓಡಿದ. ಎಂಟು ಕಾಲೇಜಿನ ಎಂಟು ಬಣ್ಣದ ಟೋಪಿಗಳು ಸಾಲಾಗಿ ನೇತಾಡುತ್ತಿದ್ದವು. ಆಗಲೇ ಅವನಿಗೆ ಆ ಯೋಚನೆ ಹೊಳೆದದ್ದು. ಇಂಥ ಯೋಚನೆ ಹೊಳೆಯುವವರಿಗೆ ಆ ಹೊತ್ತಿನಲ್ಲಿ ಪಕ್ಕದಲ್ಲಿ ಒಬ್ಬ ಬುದ್ಧಿವಂತ ಇರಬೇಕಿತ್ತು. ಇರಲಿಲ್ಲ. ಮಗಳು ಎದುರಾಳಿಯ ಕಡೆಯವರನ್ನು ಯಾಕೆ ನೋಡುತ್ತಾಳೆ? ಎಲ್ಡನ್ ಅಂದಿನ ಎದುರಾಳಿ ಲೇಕ್‌ಫೋರ್ಡ್ ಕಾಲೇಜಿನ ಹಸಿರು ಟೋಪಿ ಕೊಂಡು, ಕಿವಿಯವರೆಗೆ ಎಳೆದು, ಹಸಿರು ಗುಂಪಿನ ನಟ್ಟನಡುವೆ ಹೋಗಿ, ಅಭ್ಯಾಸಬಲದಿಂದ ಒಮ್ಮೆ ಕೂತು ಹುಲ್ಲು ಸವರಿ ನೋಡಿ, ಎದ್ದು ನಿಂತ.

ಮಗಳು ಮೊದಲ ಹೊಡೆತ ಹೊಡೆದಳು. ಚೆಂಡು ನೀಲಿಯಲ್ಲಿ ಸಣ್ಣಗಾಗುತ್ತ ಹೋಗಿ, ನಡುಹಾದಿಯಲ್ಲಿ ನೆಟ್ಟಗೆ ಇಳಿಯಿತು. ನಾಲ್ಕು ವರ್ಷದಿಂದ ಫೋನಿನಲ್ಲಿ ಬರೀ ಅಂಕಿಯಾಗಿದ್ದದ್ದು ಕಣ್ಣೆದುರಿಗೆ ನಡೆದದ್ದನ್ನು ಕಂಡು ಎಲ್ಡನ್‌ಗೆ ಸಂತೋಷ ಉಕ್ಕಿ ಬಂತು. ಬಾಯಿ ತೆರೆದ.

"ಛೆ, ಚೆನ್ನಾಗಿ ಹೊಡೆದ್ಬಿಟ್ಳಲ್ರೀ ಆ ಹುಡುಗಿ," ಎಂದಳು ಪಕ್ಕದ ಹಸಿರು ಹೆಂಗಸು.

"ಛೆ," ಎಂದ ಎಲ್ಡನ್.

ಅಲ್ಲಿಂದ ಅವನ ವನವಾಸ ಶುರು. ಮಗಳು ಚೆನ್ನಾಗಿ ಆಡಿದರೆ ಮುಖ ಸಣ್ಣದು ಮಾಡಬೇಕು, ಮರಳುಗುಂಡಿಗೆ ಹೊಡೆದರೆ ಹಲ್ಲು ಬಿಡಬೇಕು. ಅರೆಮನಸ್ಸಿನಿಂದ ಮಾಡಿದರೆ ಅನುಮಾನ ಬಂದೀತೆಂದು ಎರಡು ಪಟ್ಟು ಮಾಡತೊಡಗಿದ. ಉಳಿದ ಹಸಿರಿನವರು ಎರಡು ಚಪ್ಪಾಳೆ ತಟ್ಟಿದರೆ ಇವನು ಆರು ತಟ್ಟಿ ಕುಪ್ಪಳಿಸಿದ. ಮೈದಾನದಲ್ಲಿದ್ದ ಒಂದೇ ಒಂದು ಕ್ಯಾಮೆರಾದವನು, ಶಾಂತವಾಗಿ ನಿಂತ ನೂರು ಜನರನ್ನು ಬಿಟ್ಟು ಈ ಕುಣಿಯುವ ಮನುಷ್ಯನನ್ನೇ ಮತ್ತೆ ಮತ್ತೆ ತೋರಿಸಿದ.

ಏಳನೆಯ ಕುಳಿಯ ಹತ್ತಿರ ಫೋನು ಗುರುಗುಟ್ಟಿತು. ಲವೋನ್.

"ಎಲ್ಡನ್! ನಿಂಗೇನು ಹುಚ್ಚು ಹಿಡಿದಿದೆಯಾ? ಠಾಣೇಲಿ ನೂರಾ ನಲವತ್ತು ಜನ ಕೂತ್ಕೊಂಡು ನೋಡ್ತಿದೀವಿ. ನಮ್ಮ ಮಗು ಚೆಂಡು ನೀರಿಗೆ ಬಿತ್ತು, ನೀನು ಎರಡೂ ಕೈ ಎತ್ತಿ ಕುಣೀತಿದೀಯ!"

"ಮೆಲ್ಲಗೆ ಮಾತಾಡು. ನಾನು ಅಡಗಿಕೊಂಡಿದೀನಿ."

"ಇದಾ ಅಡಗಿಕೊಳ್ಳೋದು? ಇಡೀ ಪರದೆ ತುಂಬಾ ನಿನ್ನ ಮುಖಾನೇ ಇದೆ! ಪಾದ್ರಿಗಳು ಎದ್ದು ಹೊರಗೆ ಹೋದ್ರು!"

ಅಷ್ಟರಲ್ಲಿ ವರ್ಲಿನ್ ಫೋನು ಕಸಿದುಕೊಂಡ. "ಏನಯ್ಯಾ, ಊರಿಗೆ ದ್ರೋಹ ಮಾಡ್ತಿದೀಯಾ?"

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಒಂದು ರೀತಿ. ಕಣ್ಣು ಮುಚ್ಚಿಕೊಂಡು ಸಿಕ್ಕಿಬಿದ್ದ ಮೇಲೂ "ಹಾಲಿನ ಪರೀಕ್ಷೆ ಮಾಡುತ್ತಿದ್ದೆ" ಎನ್ನುವುದು ಎಲ್ಡನ್ ರೀತಿ.

"ಇದು ತಂತ್ರ," ಎಂದ.

"ಏನ್ ತಂತ್ರ?"

"ಹೇಳಿದ್ನಲ್ಲ, ಬಿಡಿಸಿ ಹೇಳೋ ಹಾಗಿಲ್ಲ ಅಂತ."

ಡೆಲೇನಿ ಆ ದಿನ ಗೆದ್ದಳು. ತಂಡವೂ ಗೆದ್ದಿತು. ಶನಿವಾರ ಎದುರಾಳಿ ಸೇಂಟ್ ಒರಾನ್ ಕಾಲೇಜು. ಎಲ್ಡನ್ ಕೆಂಪು ಟೋಪಿ ಕೊಂಡು ಕೆಂಪು ಗುಂಪಿನಲ್ಲಿ ಕುಣಿದ. ಅಂದೂ ತಂಡ ಗೆದ್ದಿತು, ಡೆಲೇನಿಯೂ ಗೆದ್ದಳು. ಅದೂ ಎಂಥ ಗೆಲುವು, ಹದಿನೆಂಟು ಕುಳಿ ಮುಗಿಯುವ ಮೊದಲೇ, ಹದಿನಾಲ್ಕರಲ್ಲೇ ಎದುರಾಳಿಗೆ ಉಳಿಯಲು ದಾರಿ ಇಲ್ಲದ ಹಾಗೆ. ಎಲ್ಡನ್ ಕೆಂಪು ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತ. ಸೇಂಟ್ ಒರಾನ್‌ನವರು ಅವನ ಬೆನ್ನು ಸವರಿ, "ಇಷ್ಟೊಂದು ಮನಸ್ಸಿಗೆ ಹಚ್ಕೋಬೇಡಿ, ಇದು ಆಟ ಅಷ್ಟೇ," ಎಂದು ಸಮಾಧಾನ ಹೇಳಿದರು.

ಇತ್ತ ಮಿಲರ್ಟನ್‌ನಲ್ಲಿ ವರ್ಲಿನ್‌ಗೆ ಜ್ಞಾನೋದಯವಾಗಿತ್ತು. ಎಲ್ಡನ್ ಹಸಿರು ಟೋಪಿ ಹಾಕಿದ, ಹಸಿರು ಮಣ್ಣು ಮುಕ್ಕಿತು. ಕೆಂಪು ಹಾಕಿದ, ಕೆಂಪೂ ಮುಕ್ಕಿತು. ಇದೇ ತಂತ್ರ! ಅವನು ಎಲ್ಡನ್‌ನ ಎರಡು ಚಿತ್ರಗಳನ್ನು ಅಕ್ಕಪಕ್ಕ ಜೋಡಿಸಿ, "ನಮ್ಮೂರ ಎಲ್ಡನ್ ಕುಚೆರಾನ ತಲೆಗೆ ಯಾವ ಬಣ್ಣ ಏರುತ್ತದೋ ಆ ಬಣ್ಣದ ಕಥೆ ಮುಗಿಯಿತು. ಟಲ್ಲೋರಾ ಕಾಲೇಜಿನವರೇ, ನಾಳೆ ಫೈನಲ್‌ನಲ್ಲಿ ನಿಮ್ಮ ಸರದಿ" ಎಂದು ಬರೆದು ಜಗತ್ತಿಗೆಲ್ಲ ಹಂಚಿದ. ಸೊಸೈಟಿಯ ಕಾಫಿ ಮೇಜಿನ ಹನ್ನೊಂದು ಜನ ಅದನ್ನು ಜೋರಾಗಿ ಓದಿ ಒಬ್ಬರಿಗೊಬ್ಬರು ಕಳಿಸಿಕೊಂಡರು. ಮಾತು ಮನೆ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಭಾನುವಾರ ಫೈನಲ್. ಟಲ್ಲೋರಾ ಜಾರ್ಜಿಯಾದ್ದೇ ಕಾಲೇಜು. ಮೈದಾನದ ತುಂಬ ಕಿತ್ತಳೆ ಬಣ್ಣ. ಎಲ್ಡನ್ ಹೊಸ ಕಿತ್ತಳೆ ಟೋಪಿ ತೊಟ್ಟು, ಏನೂ ಅರಿಯದೆ, ಆ ಸಮುದ್ರದೊಳಗೆ ನುಗ್ಗಿದ. ನುಗ್ಗಿದವನ ತೋಳನ್ನು ಒಬ್ಬ ಮುದುಕಿ ಗಬಕ್ಕನೆ ಹಿಡಿದಳು. ಆ ಸೀಮೆಯಲ್ಲಿ ಮುದುಕಿಯರನ್ನೂ ಗೌರವಕ್ಕೆ ಮಿಸ್ ಎನ್ನುತ್ತಾರೆ; ಇವಳು ಮಿಸ್ ಓಡೆಸ್ಸಾ ಪಿಂಕ್ನಿ, ವಯಸ್ಸು ಎಂಬತ್ತೊಂದು. ಡೆಲೇನಿಯ ಎದುರು ಆಡುವ ಹ್ಯಾಡ್ಲಿ ಎಂಬ ಹುಡುಗಿಯ ಅಜ್ಜಿ.

"ರಾಜಾ, ನೀನು ಗಟ್ಟಿಮುಟ್ಟಾಗಿದೀಯ. ನಂಗೆ ಈ ದಿಬ್ಬ ಹತ್ತೋಕೆ ಆಗಲ್ಲ, ನಿನ್ನ ತೋಳು ಕೊಡು. ತಗೋ, ಬೇಯಿಸಿದ ಕಡಲೆಕಾಯಿ ತಿನ್ನು. ಎಷ್ಟು ಸೊರಗಿದೀಯ! ಮನೇಲಿ ಹೆಂಡ್ತಿ ಊಟ ಹಾಕಲ್ವಾ?"

"ಈ ಸಂಜೆ ಗೊತ್ತಾಗುತ್ತೆ," ಎಂದ ಎಲ್ಡನ್.

ಕಡಲೆಕಾಯಿ ಅವನಿಗೆ ದೇವರು ಕೊಟ್ಟ ವರವಾಯಿತು. ಡೆಲೇನಿ ಕುಳಿಗೆ ಗುರಿಯಿಟ್ಟಾಗಲೆಲ್ಲ ಬಾಯಿತುಂಬ ಕಡಲೆಕಾಯಿ ತುಂಬಿಕೊಂಡರೆ ಉಸಿರು ಹೊರಬರಲು ಜಾಗವೇ ಇರುತ್ತಿರಲಿಲ್ಲ. ಮುದುಕಿಯ ಚೀಲ ಅರ್ಧ ಖಾಲಿಯಾಯಿತು.

ಮೂರನೆಯ ಕುಳಿಯ ಬಳಿ ಓಡೆಸ್ಸಾ ಅವನ ಕಿವಿಗೆ ಬಾಯಿಟ್ಟಳು.

"ಸುದ್ದಿ ಕೇಳಿದೆಯಾ? ನೆಬ್ರಾಸ್ಕಾದಿಂದ ಒಬ್ಬ ಶನಿಮುಂಡೇದು ಬಂದಿದಾನಂತೆ. ಯಾರ ಟೋಪಿ ಹಾಕ್ತಾನೋ ಅವರು ಸೋಲ್ತಾರಂತೆ. ಇವತ್ತು ನಮ್ಮ ಟೋಪಿ ಹಾಕ್ಕೊಂಡು ನಮ್ಮಲ್ಲೇ ಸೇರ್ಕೊಂಡಿದಾನೆ ಅಂತ ನನ್ನ ಸೊಸೆ ಫೋನಲ್ಲಿ ಓದಿದ್ಳು. ಚಿತ್ರಾನೂ ಇದೆಯಂತೆ, ನಂಗೆ ಕನ್ನಡಕ ಇಲ್ದೆ ಕಾಣಲ್ಲ."

ಎಲ್ಡನ್‌ನ ಬಾಯಲ್ಲಿದ್ದ ಕಡಲೆಕಾಯಿ ಅಲ್ಲೇ ನಿಂತಿತು.

"ನೀನು ಒಳ್ಳೆಯವನ ಹಾಗೆ ಕಾಣ್ತೀಯ. ಒಂದು ಕೆಲಸ ಮಾಡು. ಎಡಗಡೆಯವರನ್ನ ನೀನು ನೋಡು, ಬಲಗಡೆಯವರನ್ನ ನಾನು ನೋಡ್ತೀನಿ. ಸಿಕ್ಕಿದ್ರೆ ಟೋಪಿ ಕಿತ್ತು ನನ್ನ ಕೈಗೆ ಕೊಡು. ಉಳಿದಿದ್ದು ನಾನು ನೋಡ್ಕೋತೀನಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನೀವು ಕಂಡಿರಬಹುದು. ಹೆಗಲ ಮೇಲೆ ಕುಂಬಳಕಾಯಿ ಹೊತ್ತುಕೊಂಡೇ ಕಳ್ಳನನ್ನು ಹುಡುಕಲು ಹೊರಟವನನ್ನು ಟಲ್ಲೋರಾದವರು ಅಂದು ಕಂಡರು. ಎಲ್ಡನ್ ಹುಡುಕಿದ. ಅದೂ ಕಾಟಾಚಾರಕ್ಕಲ್ಲ, ಕೆಲಸ ಎಂದರೆ ಅವನಿಗೆ ಕೆಲಸವೇ. ಒಬ್ಬ ದಂತವೈದ್ಯನನ್ನು, ಇಬ್ಬರು ಚಿಕ್ಕಪ್ಪಂದಿರನ್ನು ಅಡ್ಡಗಟ್ಟಿ, "ತಾವು ನೆಬ್ರಾಸ್ಕಾದವರೋ?" ಎಂದು ಕೇಳಿದ. ದಂತವೈದ್ಯನಿಗೆ ಸಿಟ್ಟು ಬಂದು, ಕಿತ್ತಳೆ ಗುಂಪಿನಲ್ಲಿ ಯಾರೋ ಕಿರುಕುಳ ಕೊಡುತ್ತಿದ್ದಾರೆ ಎಂದು ನಿಯಮಾಧಿಕಾರಿಗೆ ದೂರು ಕೊಟ್ಟ. ಟ್ರೂಯಿಟ್‌ನ ಪುಟ್ಟ ಗಾಡಿ ಹಿಂದೆ ಹಿಂದೆಯೇ ಬರತೊಡಗಿತು.

ನಡುವೆ ಆಟ ನಡೆದೇ ಇತ್ತು. ಡೆಲೇನಿ ಒಂದು ಕುಳಿ ಗೆದ್ದರೆ ಹ್ಯಾಡ್ಲಿ ಮರುಕುಳಿ ಗೆಲ್ಲುತ್ತಿದ್ದಳು. ಹನ್ನೊಂದರಲ್ಲಿ ಹ್ಯಾಡ್ಲಿಯ ಚೆಂಡು ಕುಳಿಯಿಂದ ಮೂರಡಿ ದೂರದಲ್ಲಿ ನಿಂತಿತು. ಹುಡುಗಿ ಹೊಡೆಯಲು ಬಗ್ಗಿ, ಎದ್ದು, ಮತ್ತೆ ಬಗ್ಗಿದಳು. ಇಷ್ಟು ಹತ್ತಿರವಿದ್ದಾಗ ಎದುರಾಳಿ ಮನಸ್ಸು ಮಾಡಿದರೆ "ಆಯ್ತು, ಎತ್ಕೋ" ಎಂದು ಬಿಟ್ಟುಕೊಡಬಹುದು, ಬಿಡಲೇಬೇಕೆಂದಿಲ್ಲ. ಡೆಲೇನಿ ಬಿಟ್ಟುಕೊಟ್ಟಳು.

"ಅಯ್ಯೋ ನನ್ನ ಕಂದಾ," ಎಂದಳು ಓಡೆಸ್ಸಾ, ಕಣ್ಣೊರೆಸಿಕೊಂಡು. "ಮೂರಡಿ! ಫೈನಲ್‌ನಲ್ಲಿ ಯಾರು ಬಿಡ್ತಾರೆ ಮೂರಡಿನ? ಆ ಹುಡುಗೀನ ಹೆತ್ತವರು ಯಾರೋ, ಚೆನ್ನಾಗಿ ಬೆಳೆಸಿದಾರೆ."

ಮಗಳಿಗೆ ಅವನು ಒಂದೇ ಒಂದು ಹೊಡೆತ ಕಲಿಸಿದವನಲ್ಲ. ಮನೆಯ ಹಿಂದಿನ ಹುಲ್ಲುಗಾವಲಿನ ಒಂದು ಮೂಲೆಯನ್ನು ಎಂಟು ವರ್ಷ ದಿನಾ ಬೆಳಿಗ್ಗೆ ನುಣ್ಣಗೆ ಕತ್ತರಿಸಿ ಕೊಟ್ಟಿದ್ದ, ಅವಳು ಅಲ್ಲಿ ಚೆಂಡು ಉರುಳಿಸುತ್ತ ಬೆಳೆದಳು, ಅಷ್ಟೇ. "ನಾನು" ಎನ್ನಬೇಕೆಂದು ಅವನಿಗೆ ತುಂಬ ಆಸೆಯಾಯಿತು. ಬದಲಿಗೆ ಇನ್ನೊಂದು ಹಿಡಿ ಕಡಲೆಕಾಯಿ ಬಾಯಿಗೆ ಹಾಕಿಕೊಂಡ.

ಹದಿನೆಂಟನೆಯ ಕುಳಿಗೆ ಬರುವ ಹೊತ್ತಿಗೆ ಉಳಿದ ನಾಲ್ಕು ಜೋಡಿಗಳ ಆಟ ಮುಗಿದು ಎರಡು ಎರಡು ಆಗಿತ್ತು. ಡೆಲೇನಿ ಮತ್ತು ಹ್ಯಾಡ್ಲಿ ಸಮಸಮ. ಮೈದಾನದ ಜನವೆಲ್ಲ ಆ ಹಸಿರು ಹಾಸಿನ ಸುತ್ತ ಬಂದು ನಿಂತರು. ಡೆಲೇನಿಗೆ ನಾಲ್ಕಡಿಯ ಒಂದು ಹೊಡೆತ ಉಳಿದಿತ್ತು. ಅದು ಬಿದ್ದರೆ ಮಿಲರ್ಟನ್ ಚಾಂಪಿಯನ್.

ಎಲ್ಡನ್ ಚೀಲಕ್ಕೆ ಕೈ ಹಾಕಿದ. ಚೀಲ ಖಾಲಿ.

ಅವನ ಎದೆಯಲ್ಲಿ ಉಸಿರು ಕಟ್ಟಿ ಮೇಲಕ್ಕೆ ಬರತೊಡಗಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಕಾಲು ತಾನೇ ತಾನಾಗಿ ಕುಣಿಯುತ್ತಿತ್ತು. ಆಗ ಡೆಲೇನಿ ತಲೆಯೆತ್ತಿದಳು. ಕಿತ್ತಳೆ ಟೋಪಿಗಳ ಸಾಲಿನ ಮೇಲೆ ಕಣ್ಣಾಡಿಸಿ, ನೆಟ್ಟಗೆ ಅವನ ಮುಖದ ಮೇಲೆ ನಿಲ್ಲಿಸಿದಳು.

ಕಂಡುಬಿಟ್ಟಳು! ಇನ್ನು ಇಲ್ಲಿ ಒಂದು ಕ್ಷಣವೂ ನಿಲ್ಲಬಾರದು. ಓಡೆಸ್ಸಾಳ ಕೈ ಬಿಡಿಸಿಕೊಂಡು, ಬಗ್ಗಿ, ಜನರ ಕಾಲುಗಳ ನಡುವೆ ನುಸುಳಿಕೊಂಡು ಹೊರಟ. ಬೆನ್ನ ಹಿಂದೆ ಚೆಂಡಿಗೆ ಕೋಲು ತಾಗಿದ ಸಣ್ಣ ಸದ್ದು ಕೇಳಿತು. ಅದರ ಹಿಂದೆಯೇ ಇಡೀ ಜನ ಒಟ್ಟಿಗೆ "ಅಯ್ಯೋ" ಎಂದದ್ದೂ ಕೇಳಿತು. ಚೆಂಡು ಬಿದ್ದಿರಲಿಲ್ಲ. ಆಟ ಸಮ. ಇನ್ನು ಮೊದಲ ಕುಳಿಗೆ ಹಿಂದಿರುಗಿ, ಯಾರು ಮೊದಲು ಒಂದು ಕುಳಿ ಗೆಲ್ಲುತ್ತಾರೋ ಅವರದೇ ಕಪ್.

ಎಲ್ಡನ್ ಓಡಿದ. ವಾಹನ ನಿಲ್ಲಿಸುವ ಜಾಗದ ಕಡೆಗೆ, ಬೇಲಿ ಹಾರಿ, ಏದುಸಿರು ಬಿಡುತ್ತ ಓಡಿದ. ತನ್ನ ಮುಖ ಕಂಡಿದ್ದಕ್ಕೆ ಮಗಳು ಸೋಲುತ್ತಾಳೆ. ಈ ಮಾತೊಂದೇ ತಲೆಯೊಳಗೆ ಸುತ್ತುತ್ತಿತ್ತು. ಟ್ರಕ್ಕಿನ ಬಾಗಿಲಿಗೆ ಕೀ ಹಾಕಿದ್ದ, ಅಷ್ಟರಲ್ಲಿ ಪುಟ್ಟ ಗಾಡಿ ಬಂದು ಅಡ್ಡ ನಿಂತಿತು.

"ತಾವೇ ಅಲ್ವೇ ಕಿತ್ತಳೆ ಟೋಪಿಯವರು?" ಎಂದ ಟ್ರೂಯಿಟ್.

"ತಪ್ಪಾಯ್ತು ಸ್ವಾಮಿ. ದಂತವೈದ್ಯರಿಗೆ ನಾನೇ ಕ್ಷಮಾಪಣೆ ಬರೆದು ಕಳಿಸ್ತೀನಿ. ಈಗ ಬಿಟ್ಬಿಡಿ, ನಾನು ಇಲ್ಲಿರಬಾರದು."

"ಬಿಡೋ ಹಾಗಿಲ್ಲ. ಹತ್ತಿ."

"ಜೈಲಿಗಾ?"

"ಮೊದಲನೇ ಕುಳಿಗೆ. ಆಟಗಾರ್ತಿ ಕೇಳಿದಾಳೆ. ಇಪ್ಪತ್ತಾರು ವರ್ಷದಿಂದ ನಿಯಮ ನೋಡ್ಕೊಂಡು ಬಂದಿದೀನಿ, ಎದುರಾಳಿ ಕಡೆ ಪ್ರೇಕ್ಷಕ ಬೇಕು ಅಂದವರನ್ನ ಇದೇ ಮೊದಲು ನೋಡಿದ್ದು. ಪುಸ್ತಕದಲ್ಲಿ ಬೇಡ ಅಂತ ಎಲ್ಲೂ ಬರೆದಿಲ್ಲ."

ಸಾವಿರ ಕಣ್ಣುಗಳ ಮುಂದೆ ಎಲ್ಡನ್‌ನನ್ನು ಗಾಡಿಯಲ್ಲಿ ಕೂರಿಸಿಕೊಂಡು ತಂದರು. ಕ್ಯಾಮೆರಾದವನು ಓಡೋಡಿ ಬಂದ. ಮಿಸ್ ಓಡೆಸ್ಸಾ ಗುಂಪು ಸೀಳಿಕೊಂಡು ಗಾಡಿಗೆ ಅಡ್ಡ ನಿಂತಳು.

"ಬಿಡ್ರೀ ಅವನನ್ನ! ಅವನು ನಮ್ಮವನು! ಬೆಳಿಗ್ಗೆಯಿಂದ ನನ್ನ ಜೊತೆ ಆ ಶನಿಮುಂಡೇದನ್ನ ಹುಡುಕ್ತಿದಾನೆ, ಪಾಪ, ಕೂತ್ಕೊಂಡಿಲ್ಲ!"

"ಅಜ್ಜೀ," ಎಂದಳು ಡೆಲೇನಿ, ಹಗ್ಗದ ಹತ್ತಿರ ಬಂದು. "ಅವರು ನಮ್ಮಪ್ಪ."

ಟಲ್ಲೋರಾದ ಕಿತ್ತಳೆ ಜನರೆಲ್ಲ ಬಾಯಿ ತೆರೆದರು. ನೆಬ್ರಾಸ್ಕಾದ ಠಾಣೆಯಲ್ಲಿ ನೂರಾ ನಲವತ್ತು ಜನ ಎದ್ದು ನಿಂತರು. ಓಡೆಸ್ಸಾ ಎಲ್ಡನ್‌ನ ಮುಖದ ಹತ್ತಿರ ಮುಖ ತಂದು ದಿಟ್ಟಿಸಿದಳು, ಅವನ ತೋಳನ್ನು ಮಾತ್ರ ಬಿಡಲಿಲ್ಲ.

"ಆಟದ ಬಗ್ಗೆ ಒಂದಕ್ಷರ ಮಾತಾಡೋ ಹಾಗಿಲ್ಲ," ಎಂದು ಟ್ರೂಯಿಟ್ ಕಿಸೆಯಿಂದ ನಿಯಮದ ಪುಸ್ತಕ ತೆಗೆದು ನಡುವೆ ನಿಂತ.

"ನಂಗೆ ಶುಕ್ರವಾರ ಮೊದಲನೇ ಕುಳಿಯಿಂದ್ಲೇ ಗೊತ್ತು ಅಪ್ಪಾ," ಎಂದಳು ಡೆಲೇನಿ. "ಚೆಂಡು ನೋಡೋದು ಬಿಟ್ಟು ಕೂತ್ಕೊಂಡು ಹುಲ್ಲು ಸವರೋನು ಜಗತ್ತಲ್ಲಿ ಇನ್ಯಾರಿದಾರೆ? ನಾನು ನೀರಿಗೆ ಹೊಡೆದಾಗ ಕುಣಿದ್ಯಲ್ಲ, ಎಂಥ ಕೋಪ ಬಂತು ಗೊತ್ತಾ! ಆ ಕೋಪದಲ್ಲೇ ಎರಡು ಪಂದ್ಯ ಗೆದ್ದೆ."

"ನಾನು ಇಲ್ಲಿದ್ರೆ ನೀನು ಸೋಲ್ತೀಯ ಕಣೇ. ಮೊದಲ ವರ್ಷ..."

"ಆಗ ನಾನು ಸೋತಿದ್ದು ನಿನ್ನ ಉಸಿರಿಂದಲ್ಲ. ನನ್ನ ಕೈಯಿಂದ. ಹದಿನೆಂಟು ವರ್ಷದವಳು, ಯಾರನ್ನಾದ್ರೂ ಬೈಬೇಕಿತ್ತು, ನೀನು ಹತ್ರ ಇದ್ದೆ. ನೀನು ನಿಜವಾಗ್ಲೂ ನಾಲ್ಕು ವರ್ಷ ಬರೋದೇ ಇಲ್ಲ ಅಂತ ನಾನು ಅಂದ್ಕೊಂಡಿರ್ಲಿಲ್ಲ ಅಪ್ಪಾ." ಅವಳು ಕೋಲನ್ನು ಹುಲ್ಲಿಗೆ ಊರಿದಳು. "ಈಗ ಹದಿನೆಂಟರಲ್ಲಿ ತಪ್ಪಿದ್ದು ನೀನು ಎದ್ದು ಹೊರಟ್ಯಲ್ಲ, ಅದಕ್ಕೆ. ಎಲ್ಲಿಗೆ ಹೋಗ್ತಿದಾನೆ ಅಂತ ನೋಡ್ತಾ ಹೊಡೆದೆ. ಇಲ್ಲೇ ನಿಂತ್ಕೋ. ಯಾವ ಟೋಪಿ ಬೇಕಾದ್ರೂ ಹಾಕ್ಕೋ. ಉಸಿರು ಬಿಡು."

"ಆಕ್ಷೇಪಣೆ!" ಎಂದು ದಂತವೈದ್ಯ ಕೂಗಿದ. "ಅದು ಸಲಹೆ!"

ಟ್ರೂಯಿಟ್ ಪುಸ್ತಕದ ಹಾಳೆ ಮಗುಚಿದ. ಮತ್ತೆ ಮಗುಚಿದ. "ಪ್ರೇಕ್ಷಕ ಆಟಗಾರ್ತಿಗೆ ಸಲಹೆ ಕೊಡೋ ಹಾಗಿಲ್ಲ," ಎಂದು ತೀರ್ಪು ಕೊಟ್ಟ. "ಆಟಗಾರ್ತಿ ಪ್ರೇಕ್ಷಕನಿಗೆ ಎಷ್ಟು ಬೇಕಾದ್ರೂ ಕೊಡಬಹುದು. ಆಟ ಮುಂದುವರಿಯಲಿ."

ಎಲ್ಡನ್ ಓಡೆಸ್ಸಾಳ ಪಕ್ಕದಲ್ಲಿ ನಿಂತ. ಮುದುಕಿ ಅವನ ಕಡೆ ನೋಡಲಿಲ್ಲ.

"ನನ್ನ ಕಡಲೆಕಾಯೆಲ್ಲಾ ತಿಂದೆ," ಎಂದಳು.

"ಹೌದು. ತಪ್ಪಾಯ್ತು."

"ಮೂರಡಿ ಬಿಟ್ಟ ಹುಡುಗಿ ನಿನ್ನವಳಾ?"

"ಹೌದು."

"ಹ್ಞೂಂ," ಎಂದಳು ಓಡೆಸ್ಸಾ. ಅಷ್ಟೇ. ಆದರೆ ತೋಳು ಇನ್ನೂ ಹಿಡಿದೇ ಇದ್ದಳು. ದಿಬ್ಬ ಹತ್ತಬೇಕಿತ್ತಲ್ಲ.

ಹ್ಯಾಡ್ಲಿ ನಾಲ್ಕು ಹೊಡೆತದಲ್ಲಿ ಕುಳಿ ಮುಗಿಸಿದಳು. ಡೆಲೇನಿಯ ಎರಡನೆಯ ಹೊಡೆತ ಕುಳಿಯಿಂದ ಏಳಡಿ ದೂರ ನಿಂತಿತ್ತು. ಮೂರನೆಯದು ಬಿದ್ದರೆ ಮುಗಿಯಿತು. ತಪ್ಪಿದರೆ ಮತ್ತೊಂದು ಕುಳಿ, ಮತ್ತೊಂದು ದಿಬ್ಬ, ಮತ್ತೆ ಇದೇ ಜೀವ ಹಿಂಡುವ ಕೆಲಸ. ಅವಳು ಬಗ್ಗಿ ಗುರಿ ನೋಡಿದಳು. ಒಂದು ಹಕ್ಕಿಯೂ ಕೂಗಲಿಲ್ಲ.

"ಹೂಫ್," ಎಂದ ಎಲ್ಡನ್.

ಸಾವಿರ ಜನ ತಿರುಗಿ ನೋಡಿದರು. ಡೆಲೇನಿ ಮಾತ್ರ ತಿರುಗಲಿಲ್ಲ. ಬಗ್ಗಿದಲ್ಲೇ ಅವಳ ಭುಜಗಳು ನಗುವಿನಿಂದ ಒಮ್ಮೆ ಅಲುಗಿ ನಿಂತವು. ಆಮೇಲೆ ಅವಳು ಕೋಲನ್ನು ಹಿಂದಕ್ಕೆ ತೆಗೆದಳು.

ನಾಲ್ಕು ವರ್ಷ ಕಾದು, ಇಪ್ಪತ್ತು ಗಂಟೆ ಟ್ರಕ್ ಓಡಿಸಿ, ಮೂರು ಬಣ್ಣದ ಟೋಪಿ ಹಾಕಿ, ಊರಿಗೂ ಪರಊರಿಗೂ ಬೇಡವಾಗಿ, ಯಾವ ಒಂದು ಗಳಿಗೆಯನ್ನು ನೋಡಲು ಬಂದಿದ್ದನೋ ಆ ಗಳಿಗೆಯಲ್ಲಿ ಎಲ್ಡನ್ ಕುಚೆರಾ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

ಟಕ್ ಎಂದಿತು. ಆಮೇಲೆ ಏನೂ ಕೇಳಲಿಲ್ಲ. ಆಮೇಲೆ ಒಂದು ಕೂಗು ಎದ್ದಿತು. ನೇರಳೆಯ ಕೂಗೋ ಕಿತ್ತಳೆಯ ಕೂಗೋ ಅವನಿಗೆ ತಿಳಿಯಲಿಲ್ಲ. ಕಣ್ಣು ತೆರೆಯಲು ಧೈರ್ಯವೂ ಸಾಲಲಿಲ್ಲ.

ಅಷ್ಟರಲ್ಲಿ ಬೆನ್ನ ಮೇಲೆ ಧಡ್ ಎಂದು ಒಂದು ಗುದ್ದು ಬಿತ್ತು. ಎಂಬತ್ತೊಂದು ವರ್ಷದ ಮಿಸ್ ಓಡೆಸ್ಸಾ ಪಿಂಕ್ನಿ ತನ್ನ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಮುಷ್ಟಿಗೆ ತಂದು ಗುದ್ದಿದ್ದಳು. ಗೆದ್ದವರು ಅಷ್ಟು ಜೋರಾಗಿ ಗುದ್ದುವುದಿಲ್ಲ. ಮಗಳು ಚಾಂಪಿಯನ್ ಆದಳೆಂದು ಎಲ್ಡನ್‌ಗೆ ಗೊತ್ತಾದದ್ದು ಹಾಗೆ.